ಗುರುವಾರ ಗುಬ್ಬಿಗೆ ಹೋದ ಬಾಣಂತಿ

ನಮ್ಮಮ್ಮ ಎಳೆಗೂಸಿಗೆ ನೀರು ಹಾಕುವುದನ್ನು ನೋಡಲು ಅಕ್ಕಪಕ್ಕದ ಹೆಂಗಸರು ಬಚ್ಚಲುಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ ಅಂತ ನೀವು ಅಂದುಕೊಂಡರೆ ಸರಿಯಾಗೇ ಅಂದುಕೊಂಡಿದ್ದೀರಿ. ಅಮ್ಮ ಮಣೆಯ ಮೇಲೆ ಕೂತು ಕಾಲು ಚಾಚಿ, ಎರಡು ಕಾಲಿನ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡು, ಹಂಡೆಯ ನೀರಿಗೆ ತಣ್ಣೀರು ಬೆರೆಸಿ ಮೊದಲು ತನ್ನ ಮೊಣಕೈಗೆ ಸುರಿದುಕೊಂಡು ನೋಡಿ ಆಮೇಲೆ ಅದರ ಬೆನ್ನಿಗೆ ಹೊಯ್ಯುತ್ತಿದ್ದಳು. ಕಿಟಾರನೆ ಕಿರುಚುತ್ತಿದ್ದ ಕೂಸು ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ತೂಕಡಿಸುತ್ತಿತ್ತು. ಗುಬ್ಬಿ ತಾಲ್ಲೂಕಿನ ನಮ್ಮ ಊರಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲು ಹೇಳಿ ಕಳಿಸುತ್ತಿದ್ದುದು ಅಮ್ಮನಿಗೆ. ತೋಟದ ಕೆಲಸ, ಹಸುವಿನ ಕೆಲಸ ಎಲ್ಲ ಬಿಟ್ಟು ಹೋಗಿ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಬಾಣಂತಿಯ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ ಬರುತ್ತಿದ್ದಳು. ಬಾಣಂತನ ಅಂದರೆ ಅವಳು ಮಾಡಿದ್ದು ಅಂತ ಊರೇ ಹೇಳುತ್ತಿತ್ತು.

ಅಂಥವಳ ಒಬ್ಬಳೇ ಮಗಳು ನಾನು. ತುಮಕೂರಿನಲ್ಲಿ ಡಿಗ್ರಿ ಓದಿ, ಅಲ್ಲಿಯದೇ ಸದಾಶಿವನಗರದ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳನ್ನು ಗದರಿಸಿಕೊಂಡು ಇದ್ದವಳು. ನನ್ನ ಬಾಯಿಗೆ ನಮ್ಮ ಅಪ್ಪನೇ ಹೆದರುತ್ತಿದ್ದರು. ಮದುವೆಯಾಗಿ, ತುಮಕೂರಿನಲ್ಲೇ ಮರಳೂರಿನ ಕಡೆ ಬಾಡಿಗೆ ಮನೆ ಮಾಡಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಹೆಣ್ಣು ಮಗು ಹುಟ್ಟಿತು. ನಾನು ಆ ಮಗುವನ್ನು ಮುಟ್ಟಲು ಹೆದರತೊಡಗಿದೆ.

ಹೆದರಿಕೆ ಏನೆಂದು ನೇರವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಹೇಳಲಾರದೆಯೇ ನಾನು ಅರ್ಧ ಸತ್ತಿದ್ದು. ಮೊದಲ ವಾರದಲ್ಲಿ ಅಮ್ಮ ಕೂಸಿಗೆ ನೀರು ಹಾಕುತ್ತಿದ್ದಾಗ ಹಂಡೆ ಕುದಿಯುತ್ತಿತ್ತು. ಅದರ ಹಬೆ ನೋಡುತ್ತ ನಿಂತಿದ್ದವಳಿಗೆ, ಈ ಕೂಸನ್ನು ನಾನೇ ಆ ನೀರಿಗೆ ಹಾಕಿಬಿಟ್ಟರೆ ಅನ್ನುವ ಯೋಚನೆ ಬಂತು. ಎಲ್ಲಿಂದ ಬಂತೋ ಗೊತ್ತಿಲ್ಲ. ಅಲ್ಲಿಂದ ಒಳಗೆ ಓಡಿಹೋದೆ. ಮರುದಿನವೂ ಬಂತು. ಆಮೇಲೆ ಬಚ್ಚಲುಮನೆ ಕಡೆ ಕಾಲಿಡದಿದ್ದರೂ ಬಂತು, ಮಗು ಅತ್ತರೂ ಬಂತು, ನಕ್ಕರೂ ಬಂತು. ಹೆತ್ತ ತಾಯಿಗೆ ಇಂಥ ಯೋಚನೆ ಬರುತ್ತದೆಯೇ? ಬಂದರೆ ಅವಳು ತಾಯಿಯೇ? ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ನನ್ನ ಹೆದರಿಕೆ ಯಾರ ಕಣ್ಣಿಗೂ ಬೀಳಲಿಲ್ಲ, ಅದಕ್ಕೆ ಕಾರಣ ಅಮ್ಮನ ಬಾಣಂತನವೇ. ಬಾಣಂತಿ ನೀರಿಗೆ ಕೈ ಇಡಬಾರದು, ಗಾಳಿಗೆ ಮೈ ಒಡ್ಡಬಾರದು, ಹಾಲು ಕುಡಿಸುವುದು ಬಿಟ್ಟರೆ ಮಗುವಿನ ಯಾವ ಕೆಲಸಕ್ಕೂ ಏಳಬಾರದು. ಅಮ್ಮ ಅದೆಲ್ಲವನ್ನೂ ಚಾಚೂ ತಪ್ಪದೆ ನಡೆಸುತ್ತಿದ್ದಳು. ಮಗು ಅತ್ತ ಕೂಡಲೇ ನಾನು "ಅಮ್ಮ, ನೀನೇ ಎತ್ಕೋ" ಅನ್ನುತ್ತಿದ್ದೆ, ಅವಳು ಖುಷಿಯಿಂದ ಎತ್ತಿಕೊಳ್ಳುತ್ತಿದ್ದಳು. ಹಾಲು ಕುಡಿಸುವಾಗಲೂ ಅವಳು ಪಕ್ಕದಲ್ಲಿ ಇರಲೇಬೇಕಿತ್ತು. ಬಂದವರೆಲ್ಲ "ಪುಣ್ಯ ಮಾಡಿದ್ದೆ ಕಣೇ, ಇಂಥ ತಾಯಿ ಯಾರಿಗೆ ಸಿಗ್ತಾರೆ" ಅಂತ ಹೇಳಿ, ಮಗುವಿನ ಕೈಗೆ ಕಾಸಿಟ್ಟು ಹೋಗುತ್ತಿದ್ದರು.

ಆದರೆ ಐದನೇ ತಿಂಗಳಿಗೆ ಕಳಿಸಿಕೊಡುವುದು ನಮ್ಮಲ್ಲಿ ರೂಢಿ. ನನ್ನ ಗಂಡ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವವರು. ಅವರು ಬೆಳಿಗ್ಗೆ ಹೋದರೆ ಮರಳೂರಿನ ಮನೆಯಲ್ಲಿ ನಾನೂ ಮಗುವೂ ಇಬ್ಬರೇ. ಆ ದಿನವನ್ನು ನೆನೆದರೆ ಊಟದ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿಬಿಡುತ್ತಿದ್ದೆ. ನಾನು ಈ ಮಗುವಿನ ಜೊತೆ ಒಬ್ಬಳೇ ಇರಬಲ್ಲೆನೇ? ಬೇರೆ ಯಾವ ಪ್ರಶ್ನೆಯೂ ನನಗೆ ಉಳಿದಿರಲಿಲ್ಲ.

ನಾನು ಸೊರಗುವುದನ್ನು ಅಮ್ಮ ನೋಡಿದಳು. ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು, ಬೆಳ್ಳುಳ್ಳಿ ಹೆಚ್ಚು ಮಾಡಿದಳು. ಊರಿನವರು ಬಾಣಂತಿ ಸನ್ನಿ ಅಂದರು, ಗಾಳಿ ಸೋಕಿದೆ ಅಂದರು. ದೀಪದ ಬುಡದಲ್ಲೇ ಕತ್ತಲು ಅಂತ ಒಬ್ಬಳು ಅಂದಿದ್ದು ಅಮ್ಮನ ಕಿವಿಗೂ ಬಿತ್ತು. ಮಗುವಿನ ಚುಚ್ಚುಮದ್ದಿನ ವಿಚಾರಕ್ಕೆ ಬಂದ ಆಶಾ ಕಾರ್ಯಕರ್ತೆ ಮಾತ್ರ ನನ್ನ ಮುಖ ನೋಡಿ, ಅಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, "ಗುಬ್ಬಿ ಆಸ್ಪತ್ರೇಲಿ ಗುರುವಾರ ಒಬ್ರು ಮೇಡಂ ಬರ್ತಾರೆ ಕಣಕ್ಕ. ಮಾತಾಡ್ಸಿ ವಾಸಿ ಮಾಡ್ತಾರೆ. ಕರ್ಕೊಂಡು ಹೋಗು" ಅಂದಳು.

"ಮಾತಾಡ್ಸಕ್ಕೆ ಗುಬ್ಬೀಗಂಟ ಯಾಕೋಗ್ಬೇಕು? ನಾವಿಲ್ವಾ?" ಅಂದಳು ಅಮ್ಮ.

ಹೀಗೆ ಅಂದವಳೇ ಆ ಗುರುವಾರ ಆಟೋ ಹೇಳಿದಳು. ಬಾಣಂತಿಯನ್ನು ಎರಡು ತಿಂಗಳೂ ತುಂಬದೆ ಹೊಸಿಲು ದಾಟಿಸುವುದು ಅಂದರೆ ಅವಳ ಮಟ್ಟಿಗೆ ಎಂಥ ಮಾತು ಅನ್ನುವುದು ನನಗೆ ಗೊತ್ತಿತ್ತು. ಬೇರೆ ಮನೆಗಳಲ್ಲಿ ಇದೇ ಕಾರಣಕ್ಕೆ ಅವಳು ಎಷ್ಟು ಜನರಿಗೆ ಬೈದಿದ್ದಳೋ. ನನ್ನ ಕಿವಿಗೆ ಹತ್ತಿ ತುರುಕಿ, ಮೇಲೆ ಉಲ್ಲನ್ ಸ್ಕಾರ್ಫ್ ಬಿಗಿದು, ಬ್ಯಾಗಿಗೆ ಬೇವಿನ ಸೊಪ್ಪನ್ನೂ ಒಂದು ಚೂರು ಕಬ್ಬಿಣವನ್ನೂ ಹಾಕಿ, ಮಗುವನ್ನು ತಾನೇ ಎತ್ತಿಕೊಂಡು ಹೊರಟಳು. ಬೀದಿಯ ಉದ್ದಕ್ಕೂ ಜಗಲಿಗಳಿಂದ ಎಲ್ಲರೂ ನೋಡಿದರು. ಅವಳು ತಲೆ ಎತ್ತಿಕೊಂಡೇ ಕೂತಿದ್ದಳು.

ನಮ್ಮ ಕಡೆ ಕೌನ್ಸೆಲಿಂಗಿಗೆ ಹೋಗುವವರು ಸಿನಿಮಾದಲ್ಲಿ ತೋರಿಸುವ ಮೆತ್ತನೆ ಸೋಫಾ, ನೀಲಿ ಗೋಡೆ ಇವೆಲ್ಲವನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ನಮಗೆ ಸಿಕ್ಕಿದ್ದು ಸಕ್ಕರೆ ಕಾಯಿಲೆಯ ಪರೀಕ್ಷೆಗೆ ನಿಲ್ಲುವ ಸಾಲಿನ ಪಕ್ಕದ ಚಿಕ್ಕ ಕೋಣೆ. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು. ಮಧ್ಯೆ ಮಧ್ಯೆ ಯಾರಾದರೂ ಬಾಗಿಲು ತಳ್ಳಿ "ಇಲ್ಲೇನಾ ಬಿಪಿ ನೋಡೋದು?" ಅಂತ ಇಣುಕುತ್ತಿದ್ದರು. ಸಾಲಿನಲ್ಲಿ ನಿಂತವರಲ್ಲಿ ಇಬ್ಬರು ನಮ್ಮ ಪಕ್ಕದೂರಿನವರೇ. "ಯಾರಿಗೆ ಹುಷಾರಿಲ್ಲ?" ಅಂತ ಕೇಳಿಯೇ ಬಿಟ್ಟರು. ಗುಟ್ಟಾಗಿ ಹೋಗಿ ಬರುತ್ತೇನೆ ಅನ್ನುವವರಿಗೆ ಆ ಸಾಲನ್ನು ದಾಟುವುದೇ ಮೊದಲ ಕಷ್ಟ.

ಮೇಡಂ ನನಗಿಂತ ಸ್ವಲ್ಪ ದೊಡ್ಡವರಿರಬೇಕು. ನನ್ನನ್ನು ಕೂರಿಸಿ, "ನಿದ್ದೆ ಹೇಗೆ ಬರ್ತಿದೆ?" ಅಂತ ಕೇಳಿದರು.

"ಎಲ್ಲಿ ಬರುತ್ತೆ ಮೇಡಂ, ಕಣ್ಣು ಬಿಟ್ಕೊಂಡೇ ಇರ್ತಾಳೆ" ಅಂದಳು ಅಮ್ಮ.

"ಊಟ ಸೇರುತ್ತಾ?"

"ನಾಕು ತುತ್ತು ತಿಂದ್ರೆ ಹೆಚ್ಚು."

"ಮಗು ನೋಡಿದಾಗ ಏನನಿಸುತ್ತೆ?"

"ಮುದ್ದು ಮಾಡ್ತಾಳೆ, ಇನ್ನೇನನ್ಸುತ್ತೆ? ಒಳ್ಳೆ ಕೇಳ್ತೀರಲ್ಲ."

ಮೇಡಂ ನಕ್ಕು, ಸ್ವಲ್ಪ ಹೊತ್ತು ಹೊರಗೆ ಕೂತಿರಿ ಅಮ್ಮ ಅಂದರು. ಅಮ್ಮನ ಮುಖ ಕೆಂಪಾಯಿತು. "ನಾನು ಹೆತ್ತೋಳು. ನನ್ ಮುಂದೆ ಆಡ್ದಿರೋ ಮಾತು ಏನೈತೆ ಇವಳತ್ರ?" ಅಂತ ಮಗುವನ್ನು ಎತ್ತಿಕೊಂಡು ಧಡಧಡ ಹೊರಗೆ ಹೋದಳು. ನಮ್ಮಲ್ಲಿ ಯಾರೂ ಒಬ್ಬರೇ ಕಾಯಿಲೆ ಬೀಳುವುದಿಲ್ಲ, ಮನೆಮಂದಿಯೆಲ್ಲ ಸೇರಿಯೇ ಬೀಳುವುದು. ಡಾಕ್ಟರ ಮುಂದೆ ಕೂತವರು ಬಾಯಿ ಬಿಡುವುದರೊಳಗೆ ಜೊತೆಗೆ ಹೋದವರು ಅರ್ಧ ಹೇಳಿ ಮುಗಿಸಿರುತ್ತಾರೆ. ಅಮ್ಮ ಮಾಡಿದ್ದು ಅದನ್ನೇ, ಪ್ರೀತಿಯಿಂದಲೇ ಮಾಡಿದ್ದು. ಆದರೆ ಆ ಬಾಗಿಲು ಹಾಕಿಕೊಂಡ ಮೇಲೆ, ಹೆರಿಗೆಯಾದಾಗಿನಿಂದ ಮೊದಲ ಸಲ ನನ್ನ ಪರವಾಗಿ ಉತ್ತರ ಹೇಳುವವರು ಯಾರೂ ಇರಲಿಲ್ಲ. ನಾನು ಸುಮ್ಮನೆ ಅತ್ತೆ. ಅವತ್ತಿನ ಕೌನ್ಸೆಲಿಂಗ್ ಅಷ್ಟೇ. ಹೊರಗೆ ಬಂದರೆ ಅಮ್ಮ ಸಾಲಿನಲ್ಲಿದ್ದ ಒಬ್ಬ ಬಸುರಿಗೆ ಏನೇನು ತಿನ್ನಬೇಕು ಅಂತ ಹೇಳಿಕೊಡುತ್ತಿದ್ದಳು.

"ಸೂಜಿ ಹಾಕಿದ್ರಾ?" ಅಂತ ಕೇಳಿದಳು. ಇಲ್ಲ ಅಂದೆ. "ಮಾತ್ರೆ?" ಅದೂ ಇಲ್ಲ. "ಮತ್ತೆ ಇಷ್ಟೊತ್ತು ಏನು ಮಾಡಿದ್ರೇ?"

ಮುಂದಿನ ಗುರುವಾರ ನಾನು ಹೇಳಿದೆ. ಹಂಡೆ, ಹಬೆ, ಆ ಯೋಚನೆ, ಎಲ್ಲವನ್ನೂ. ಹೇಳುತ್ತ ಹೇಳುತ್ತ ಈಗ ಇವರು ಪೊಲೀಸರನ್ನು ಕರೆಯುತ್ತಾರೆ, ಮಗುವನ್ನು ಕಿತ್ತುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಮೇಡಂ ಬೆಚ್ಚಿಬೀಳಲಿಲ್ಲ. ಇನ್ನೂ ಒಂದಷ್ಟು ಪ್ರಶ್ನೆಗಳನ್ನು ನಿಧಾನವಾಗಿ ಕೇಳಿದರು, ಪಕ್ಕದ ಕೋಣೆಯ ಡಾಕ್ಟರ ಹತ್ತಿರವೂ ಮಾತಾಡಿಸಿದರು. ಆಮೇಲೆ ಹೇಳಿದರು: "ಇದು ತುಂಬ ಜನ ತಾಯಂದಿರಿಗೆ ಬರುವ ಯೋಚನೆ. ಯಾರೂ ಬಾಯಿಬಿಟ್ಟು ಹೇಳಲ್ಲ, ಅಷ್ಟೇ. ನಿಮಗೆ ಹಾಗೆ ಮಾಡುವ ಆಸೆ ಇದ್ದಿದ್ದರೆ ನೀವು ಇಷ್ಟು ಹೆದರ್ತಾನೇ ಇರ್ಲಿಲ್ಲ. ಮಗು ಮೇಲೆ ಜೀವ ಇಟ್ಕೊಂಡಿರೋದಕ್ಕೇ ಈ ಹೆದರಿಕೆ."

ತುಂಬ ಜನರಿಗೆ ಬರುತ್ತದೆ ಅನ್ನುವ ಆ ಒಂದು ಮಾತಿಗೆ ನಾನು ಅವರ ಕಾಲು ಹಿಡಿಯುವುದೊಂದು ಬಾಕಿ. ಆದರೆ ಅದರ ಹಿಂದೆಯೇ ಅವರು ಕೊಟ್ಟ ಹೋಂವರ್ಕ್ ಕೇಳಿ ಸಿಟ್ಟು ಬಂತು. ದಿನಾ ಅಮ್ಮ ನೀರು ಹಾಕುವಾಗ ಬಚ್ಚಲುಮನೆ ಬಾಗಿಲಲ್ಲಿ ನಿಂತಿರಬೇಕಂತೆ. ಯೋಚನೆ ಬಂದರೆ ಬರಲಿ, ಓಡಬಾರದಂತೆ. ಇದಕ್ಕೆ ಆಟೋ ಮಾಡಿಕೊಂಡು ಗುಬ್ಬಿಗೆ ಬರಬೇಕಿತ್ತೇ ಅಂದುಕೊಂಡೆ. ಮನೆಗೆ ಬಂದು ನಿಂತ ಮೇಲೆ ಗೊತ್ತಾಯಿತು, ಅದು ಎಂಥ ಕೆಲಸ ಅಂತ. ಬಾಗಿಲಿನ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅಮ್ಮ ನೀರು ಹಾಕಿ ಮುಗಿಸುವವರೆಗೂ ನಿಂತೆ. ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಹೀಗೆ ಕೆಲವು ವಾರ ನಡೆಯಿತು. ಒಂದು ದಿನ ಸುಲಭ ಅನಿಸಿದರೆ ಮರುದಿನ ಮತ್ತೆ ಮೊದಲಿನಷ್ಟೇ ಕಷ್ಟವಾಗುತ್ತಿತ್ತು.

ಆಮೇಲೆ ಒಂದು ಗುರುವಾರ ಮೇಡಂ ನನ್ನನ್ನು ಕೇಳಿ, ಒಪ್ಪಿಸಿ, ಅಮ್ಮನನ್ನು ಒಳಗೆ ಕರೆದರು. ನನ್ನ ಬಾಯಿಂದಲೇ ಹೇಳಿಸಿದರು. ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಪೂರ್ತಿ ಕೇಳಿದಳು. ಅವಳು ಬಾಯಿ ಹಾಕದೆ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಮೇಡಂ, "ಅಮ್ಮ, ನೀವು ತುಂಬ ಚೆನ್ನಾಗಿ ನೋಡ್ಕೊಳ್ತಿದೀರಿ. ಆದ್ರೆ ಇವರು ಮಗುವಿನಿಂದ ದೂರ ಇದ್ದಷ್ಟೂ ಹೆದರಿಕೆ ಜಾಸ್ತಿ ಆಗುತ್ತೆ. ಇನ್ಮೇಲೆ ಸ್ವಲ್ಪ ಸ್ವಲ್ಪ ಇವರ ಕೈಗೆ ಬಿಡಿ. ನೀರು ಹಾಕೋದನ್ನೂ" ಅಂದರು.

"ಬಾಣಂತಿ ಕೈಲಿ ನೀರು ಮುಟ್ಸೋದಾ?" ಅಂದಳು ಅಮ್ಮ. "ಬೆಚ್ಚಗಿನ ನೀರೇ ತಾನೇ ಅಮ್ಮ" ಅಂದರು ಮೇಡಂ.

ಮನೆಗೆ ಬರುವವರೆಗೂ ಅಮ್ಮ ನನ್ನ ಕಡೆ ತಿರುಗದೆ ರಸ್ತೆಯನ್ನೇ ನೋಡುತ್ತ ಕೂತಿದ್ದಳು. ನನ್ನ ಯೋಚನೆಯ ವಿಷಯ ಕೇಳಿ ಅಸಹ್ಯವಾಗಿದೆ ಅಂದುಕೊಂಡು ನಾನು ಕುಗ್ಗಿಹೋದೆ. ಅವಳು ಆಟೋ ಇಳಿದು, ಹಸುವಿಗೆ ಹುಲ್ಲು ಹಾಕಿ, ಕೈ ತೊಳೆದು ಬಂದು ನನ್ನ ಮುಂದೆ ಕೂತಳು.

"ಊರೋರ್ ಮಕ್ಳಿಗೆಲ್ಲ ಬಾಣಂತನ ಮಾಡ್ದೆ. ನನ್ ಮಗಳು ಎದ್ರುಗೇ ಒದ್ದಾಡ್ತಿದ್ರೂ ಗೊತ್ತಾಗ್ಲಿಲ್ವಲ್ಲೇ" ಅಂದಳು. ಕಣ್ಣಲ್ಲಿ ನೀರಿತ್ತು. "ಎಲ್ಲಾ ನಾನೇ ಮಾಡ್ಬೇಕು ಅಂತ ಮಾಡ್ದೆ. ಹೋಗ್ಲಿ ಬುಡು. ನಾಳಿಂದ ಚೊಂಬು ನಿನ್ ಕೈಲಿ."

ಮೊದಲು ಅವಳು ಹಿಡಿದಳು, ನಾನು ಹೊಯ್ದೆ. ಆಮೇಲೆ ನನ್ನ ಕಾಲ ಮೇಲೆ ಮಗು, ಪಕ್ಕದಲ್ಲಿ ಅವಳ ಕೈ. ಕೆಲವು ದಿನ ಆಗುತ್ತಿತ್ತು, ಕೆಲವು ದಿನ ಅರ್ಧಕ್ಕೆ "ಅಮ್ಮಾ" ಅಂತ ಕೂಗಿಬಿಡುತ್ತಿದ್ದೆ. ಅವಳು ಬಂದು ಮುಗಿಸುತ್ತಿದ್ದಳು, ಬೈಯುತ್ತಿರಲಿಲ್ಲ. ಆಗ ಬಾಗಿಲಿಗೆ ಬಂದು ನಿಂತವರು ಸುಮ್ಮನಿರುತ್ತಾರೆಯೇ? "ಏನಕ್ಕ ಇದು, ಹಸಿ ಬಾಣಂತಿ ಕೈಲಿ ನೀರಾಕಿಸ್ತಿದೀಯ! ನಿಂಗೆ ಕೈಲಾಗಲ್ವಾ?" ಅಂತ ಒಬ್ಬಳು ಎಲ್ಲರ ಎದುರಿಗೇ ಕೇಳಿದಳು. ಅಮ್ಮನ ಹೆಸರಿಗೇ ಕೈ ಹಾಕಿದ ಮಾತು ಅದು. ಅಮ್ಮ ಹೊಗೆಗೆ ಕೆಂಡ ತುಂಬುತ್ತಿದ್ದವಳು ಎದ್ದು ನಿಂತು, "ನನ್ ಮಗಳ ಮನಸ್ಸಿಗೆ ಹುಷಾರಿಲ್ಲ. ಗುಬ್ಬೀಲಿ ತೋರಿಸ್ತಿದೀನಿ. ಅವರು ಹೇಳ್ದಂಗೆ ಮಾಡ್ತಿದೀವಿ. ಇನ್ನೇನಾದ್ರೂ ಕೇಳೋದೈತಾ?" ಅಂದಳು. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಜಾರಿಕೊಂಡರು. ನಾನು ತಲೆ ತಗ್ಗಿಸಿ ಕೂತಿದ್ದವಳು ನಿಧಾನವಾಗಿ ಎತ್ತಿದೆ. ಅಷ್ಟು ಜನರ ಮುಂದೆ ಅವಳು ಹಾಗೆ ನಿಂತಿದ್ದನ್ನು ನೆನೆದರೆ ಈಗಲೂ ನನಗೆ ಎದೆ ಉಬ್ಬುತ್ತದೆ.

ಸುದ್ದಿ ಕುಣಿಗಲ್ಲಿಗೂ ಮುಟ್ಟಿತು. ಅಲ್ಲಿರುವ ನನ್ನ ಅತ್ತೆ ಒಂದು ಭಾನುವಾರ ನನ್ನ ಗಂಡನ ಜೊತೆ ಬಂದರು. ಕೆಟ್ಟವರಲ್ಲ ನಮ್ಮ ಅತ್ತೆ, ಆದರೆ ತೀರ್ಮಾನ ಮಾಡಿಕೊಂಡೇ ಹೊರಡುವವರು. ಕಾಫಿ ಲೋಟ ಕೆಳಗಿಟ್ಟು, "ನೋಡವ್ವ, ನಿಂಗೆ ಹುಷಾರಾಗೋಗಂಟ ಮಗು ನಮ್ಮನೇಲಿರ್ಲಿ. ಹಸುವಿನ ಹಾಲೈತೆ, ನಾನಿದೀನಿ. ನೀನು ಅಮ್ಮನ ಹತ್ರ ಆರಾಮಾಗಿರು" ಅಂದರು. ಗಂಡ ನನ್ನ ಮುಖ ನೋಡಿದರು.

ನಿಜ ಹೇಳುತ್ತೇನೆ, ಮೂರು ತಿಂಗಳ ಹಿಂದೆ ಆ ಮಾತು ಬಂದಿದ್ದರೆ ನಾನು ಅವರ ಕೈಗೆ ಮಗುವನ್ನು ಕೊಟ್ಟು ಉಸ್ಸಪ್ಪಾ ಅಂತಿದ್ದೆ. ಅವತ್ತೂ ಒಂದು ಗಳಿಗೆ ಹಾಗೇ ಅನಿಸಿತು. ಅಮ್ಮ ಏನಾದರೂ ಹೇಳುತ್ತಾಳೆ ಅಂತ ಕಾದೆ. ಬಾಗಿಲಿಗೆ ಒರಗಿ ನಿಂತಿದ್ದ ಅವಳು ಬಾಯಿ ಬಿಡಲಿಲ್ಲ. ಮೇಡಂ ಮುಂದೆ ನನ್ನ ಪರವಾಗಿ ಎಲ್ಲಕ್ಕೂ ಉತ್ತರ ಹೇಳಿದ್ದವಳು ಈಗ ನನ್ನನ್ನೇ ನೋಡುತ್ತಿದ್ದಳು.

"ಬೇಡ ಅತ್ತೆ. ಮಗು ನನ್ನತ್ರಾನೇ ಇರುತ್ತೆ. ನಂಗೆ ಹೆದರಿಕೆ ಇದೆ, ಇಲ್ಲ ಅನ್ನಲ್ಲ. ಆದ್ರೆ ನಾನು ನೋಡ್ಕೋತೀನಿ" ಅಂದೆ.

ಹೇಳಿದ ಮೇಲೆ ಮಾಡಿ ತೋರಿಸಬೇಕಲ್ಲ. ನೀರು ಕಾದಿತ್ತು. ಎದ್ದು ಮಗುವನ್ನು ಎತ್ತಿಕೊಂಡು ಬಚ್ಚಲುಮನೆಗೆ ಹೋದೆ. ಅತ್ತೆ ಹಿಂದೆಯೇ ಬಂದು ನಿಂತರು. ಕಾಲು ಚಾಚಿ ಕೂತೆ, ನೀರು ಬೆರೆಸಿದೆ, ಮೊಣಕೈಗೆ ಸುರಿದುಕೊಂಡು ನೋಡಿದೆ. ಆ ಯೋಚನೆ ಬಂತು. ಬರದೆ ಏನು ಮಾಡೀತು, ಅತ್ತೆ ಬಂದಿದ್ದಾರೆ ಅಂತ ಅದಕ್ಕೇನು ನಾಚಿಕೆಯೇ? ಬಂದದ್ದು ಅದರ ಪಾಡಿಗೆ ಇತ್ತು, ನಾನು ಚೊಂಬು ಎತ್ತಿ ಹೊಯ್ದೆ. ಬೆನ್ನಿಗೆ, ತೊಡೆಗೆ, ತಲೆಗೆ. ಮಗು ಕಿರುಚಿತು, ಆಮೇಲೆ ಅಮ್ಮನ ಕೈಯಲ್ಲಿ ಮಾಡುತ್ತಿದ್ದ ಹಾಗೆಯೇ ನನ್ನ ಕಾಲ ಮೇಲೂ ಕಣ್ಣು ಮುಚ್ಚಿಕೊಂಡಿತು. ತಿರುಗಿ ನೋಡಿದರೆ ಅಮ್ಮ ಅಲ್ಲಿರಲೇ ಇಲ್ಲ. ಕೊಟ್ಟಿಗೆಯಲ್ಲಿ ಹಸುವಿನ ಜೊತೆ ಮಾತಾಡುತ್ತಿದ್ದುದು ಕೇಳಿಸಿತು. ಅತ್ತೆ ಟವೆಲ್ ಹಿಡಿದು ನಿಂತಿದ್ದವರು, "ನಿಮ್ಮಮ್ಮನ ಕೈಯೇ ಬಂದೈತೆ ಕಣೇ ನಿಂಗೆ" ಅಂದು ಮಗುವನ್ನು ಸುತ್ತಿ ಎತ್ತಿಕೊಂಡರು. ಸಂಜೆ ಮಗುವಿನ ಕೈಗೆ ಒಂದು ಜೊತೆ ಬಳೆ ಹಾಕಿ, ಮಗನನ್ನು ಹೊರಡಿಸಿಕೊಂಡು ಹೋದರು.

ಐದನೇ ತಿಂಗಳಲ್ಲಿ ಮರಳೂರಿಗೆ ಬಂದೆವು. ಮೇಡಂ ಮೊದಲೇ ಹೇಳಿದ್ದರು, ಯೋಚನೆ ಪೂರ್ತಿ ಹೋಗುವುದನ್ನು ಕಾಯುತ್ತ ಕೂರಬೇಡಿ, ಅದು ಇದ್ದರೂ ಕೆಲಸ ಮಾಡಿಕೊಳ್ಳುವುದನ್ನು ಕಲಿತಿದ್ದೀರಿ ಅಂತ. ಆಗಾಗ ಗುಬ್ಬಿಗೆ ಹೋಗಿ ಅವರನ್ನು ನೋಡುವುದನ್ನೂ ಬಿಡಲಿಲ್ಲ. ಸೋಮವಾರ ಬೆಳಿಗ್ಗೆ ಗಂಡ ಹಿರೇಹಳ್ಳಿಗೆ ಹೊರಟರು. ಅವರ ಗಾಡಿಯ ಸದ್ದು ತಿರುವಿನಲ್ಲಿ ನಿಂತ ಮೇಲೆ ಮನೆಯಲ್ಲಿ ನಾವಿಬ್ಬರೇ. ಸ್ವಲ್ಪ ಹೊತ್ತು ಕೂತೆ. ಆಮೇಲೆ ಗೀಸರ್ ಹಾಕಿ, ಮಗುವಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಹಾಲು ಕುಡಿಸಿ ಮಲಗಿಸಿದೆ. ಆಗ ಅಮ್ಮನ ಫೋನ್ ಬಂತು.

ನೀರು ಹಾಕಿದೆಯಾ ಅಂತ ಕೇಳುತ್ತಾಳೆ ಅಂದುಕೊಂಡು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವಳು ಕೇಳಲೇ ಇಲ್ಲ. ತಿಂಡಿ ಏನು ಮಾಡಿದೆ ಅಂದಳು, ಹಸು ಒದ್ದಿತು ಅಂದಳು, ಊರಿನಲ್ಲಿ ಒಬ್ಬ ಹುಡುಗಿಗೆ ಹೆರಿಗೆಯಾಗಿದೆ, ನೀರು ಹಾಕಿ ಈಗಷ್ಟೇ ಬಂದೆ ಅಂದಳು. "ಆ ಹುಡುಗಿ ಗೋಡೆ ಕಡೆ ತಿರುಗ್ಕೊಂಡು ಮಲಗಿತ್ತು ಕಣೇ. ಅವರಮ್ಮಂಗೆ ಹೇಳ್ದೆ, ಎಲ್ಲಾ ನೀನೇ ಮಾಡ್ಬೇಡ, ಅವಳ ಕೈಗೂ ಮಗು ಕೊಡು, ಏನನ್ಸುತ್ತೆ ಕೇಳು. ಹಿಂಗೇ ಇದ್ರೆ ಗುರುವಾರ ಗುಬ್ಬಿಗೆ ಕರ್ಕೊಂಡು ಹೋಗು, ಮಾತಾಡೋವಾಗ ನೀನು ಹೊರಗಿರು. ನನ್ ಮಗಳನ್ನೂ ಕರ್ಕೊಂಡು ಹೋಗಿದ್ದೆ ಅಂದೆ."

ನನಗೆ ರೇಗಿತು. "ನನ್ ವಿಷಯಾನ ಊರಿಗೆಲ್ಲ ಸಾರ್ತಿದೀಯಾ?" ಅಂದೆ.

"ಹೂಂ ಮತ್ತೆ," ಅಂದಳು ಅಮ್ಮ. "ನನ್ ಮಗಳು ಗೆದ್ದು ಬಂದಿದ್ದನ್ನ ನಾನು ಹೇಳ್ದೆ ಇನ್ಯಾರು ಹೇಳ್ಬೇಕು?"